ರಜೆಯ ದಿನದ ಸಂಬಳದ ಗಂಟೆ ತಾಳೆಯಾಗದಿದ್ದರೆ: ದೋಷ ಹುಡುಕುವ ಬಗೆ

“ಈ ತಿಂಗಳ ಪೇಸ್ಲಿಪ್‌ನಲ್ಲಿ ರಜೆಯ ಗಂಟೆ ಕಡಿಮೆ ಬಂದಿದೆ” ಎಂದು ನೌಕರರೊಬ್ಬರು ಬಂದು ನಿಂತರೆ ಪೇರೋಲ್ ನೋಡಿಕೊಳ್ಳುವವರ ಕೈ ತಾನಾಗಿಯೇ ಫಾರ್ಮುಲಾ ಇರುವ ಸೆಲ್ಲಿನ ಕಡೆ ಹೋಗುತ್ತದೆ. ಅಲ್ಲಿಗೆ ಹೋಗುವ ಮೊದಲು ಹಾಳೆ, ಪೆನ್ನು ತೆಗೆದುಕೊಳ್ಳಿ. ಒಬ್ಬರೇ ನೌಕರರನ್ನು, ಒಂದೇ ಒಂದು ಸಾರ್ವಜನಿಕ ರಜೆಯನ್ನು ಆರಿಸಿ. ಆ ದಿನ ರಜೆ ಇಲ್ಲದೇ ಹೋಗಿದ್ದರೆ ಇವರು ಎಷ್ಟು ಹೊತ್ತು ಕೆಲಸ ಮಾಡುತ್ತಿದ್ದರು ಎಂದು ರೋಸ್ಟರ್ (ಯಾರಿಗೆ ಯಾವ ದಿನ ಕೆಲಸ ಎಂಬ ಪಟ್ಟಿ) ನೋಡಿ ಬರೆಯಿರಿ. ಅದರ ಪಕ್ಕದಲ್ಲಿ ಸಿಸ್ಟಮ್ ಕೊಟ್ಟ ಗಂಟೆ ಬರೆದು ಕಳೆಯಿರಿ.

ಉಳಿದ ಅಂಕಿಯನ್ನು ದಿಟ್ಟಿಸಿ ನೋಡಿ. ನನ್ನ ಅನುಭವದಲ್ಲಿ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. 12 ನಿಮಿಷ ಕಡಿಮೆ ಬಂದರೆ ಅದಕ್ಕೆ ಒಂದು ಕಾರಣ, 30 ನಿಮಿಷ ಹೆಚ್ಚು ಬಂದರೆ ಬೇರೆಯದೇ ಕಾರಣ. 2 ಗಂಟೆಯ ಕೊರತೆ, ಇಡೀ ಒಂದು ಶಿಫ್ಟಿನ ಕೊರತೆ, ಸರಿಯಾಗಿ 24 ಗಂಟೆಯ ಕೊರತೆ, ಇವು ಒಂದೊಂದೂ ಒಂದೊಂದು ಕಡೆಗೆ ಬೆರಳು ತೋರಿಸುತ್ತವೆ. ತಿಂಗಳ ಒಟ್ಟು ಮೊತ್ತವನ್ನು ನೋಡಿದರೆ ಈ ಗುರುತುಗಳೆಲ್ಲ ಒಂದರೊಳಗೊಂದು ಬೆರೆತು ಹೋಗುತ್ತವೆ. ಅದಕ್ಕೇ ಒಬ್ಬರು, ಒಂದು ದಿನ.

ಕೈಯಿಂದ ಲೆಕ್ಕ ಹಾಕುವಾಗ ಕೇಳಿಕೊಂಡ ಪ್ರಶ್ನೆಯನ್ನು ಇನ್ನೊಮ್ಮೆ ಓದಿ: ರಜೆ ಇಲ್ಲದಿದ್ದರೆ ಇವರು ಎಷ್ಟು ಹೊತ್ತು ದುಡಿಯುತ್ತಿದ್ದರು? ನಾನು ನೋಡಿದ ಕೆಟ್ಟ ಶೀಟುಗಳಲ್ಲಿ ಬಹುಪಾಲು ಈ ಪ್ರಶ್ನೆ ಕೇಳುವುದೇ ಇಲ್ಲ. “ಇವತ್ತು ರಜೆಯೇ? ಹೌದಾದರೆ 8 ಹಾಕು” ಎಂದಷ್ಟೇ ಬರೆದುಕೊಂಡಿರುತ್ತವೆ. ಲೆಕ್ಕ ಸರಿಯಾಗಿಯೇ ನಡೆದಿರುತ್ತದೆ, ಕೇಳಿದ ಪ್ರಶ್ನೆ ಮಾತ್ರ ಬೇರೆ.

ವ್ಯತ್ಯಾಸ ನಿಮಿಷಗಳಲ್ಲಿದ್ದರೆ

ಒಂದು ಕಡೆ ನಾನು ಪೇರೋಲ್ ನೋಡುತ್ತಿದ್ದಾಗ ಪಾರ್ಟ್‌ಟೈಮ್ ನೌಕರರೊಬ್ಬರು ಒಂದು ಪುಟ್ಟ ನೋಟ್‌ಬುಕ್ ಹಿಡಿದುಕೊಂಡು ಬಂದರು. ವರ್ಷದ ಒಂದೊಂದು ರಜೆಯ ಎದುರಿಗೂ ಅವರಿಗೆ ಸಿಗಬೇಕಿದ್ದ ಹೊತ್ತನ್ನು ನೀಲಿ ಶಾಯಿಯಲ್ಲಿ, ಸಿಕ್ಕಿದ್ದನ್ನು ಕೆಂಪಿನಲ್ಲಿ ಬರೆದಿದ್ದರು. ಹತ್ತು ಸಾಲು, ಹತ್ತರಲ್ಲೂ 12 ನಿಮಿಷ ಕಡಿಮೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. “ರೌಂಡಿಂಗ್ ಇರಬೇಕು” ಎಂದು ಹೇಳಿ ಕಳಿಸಿದ್ದರಂತೆ.

ರೌಂಡಿಂಗ್‌ನಿಂದ ಹತ್ತು ಸಲವೂ ಅದೇ 12 ನಿಮಿಷ ಹೋಗುವುದಿಲ್ಲ. ಅವರ ಶಿಫ್ಟ್ 7 ಗಂಟೆ 30 ನಿಮಿಷ. ಯಾರೋ ಅದನ್ನು ಶೀಟಿನಲ್ಲಿ 7.30 ಎಂದು ಟೈಪ್ ಮಾಡಿದ್ದರು. ಮನುಷ್ಯರು ಅದನ್ನು ಏಳೂವರೆ ಎಂದೇ ಓದುತ್ತಾರೆ. ಕಂಪ್ಯೂಟರ್‌ಗೆ ಅದು ದಶಾಂಶ: 7 ಗಂಟೆ, ಜೊತೆಗೆ ಒಂದು ಗಂಟೆಯ ನೂರರಲ್ಲಿ ಮೂವತ್ತು ಪಾಲು, ಅಂದರೆ 18 ನಿಮಿಷ. ಬೇಕಿದ್ದದ್ದು 7.5. ಹತ್ತು ರಜೆಗೆ ಸಿಗಬೇಕಾದ 75 ಗಂಟೆ ಹೀಗೆ 73 ಆಯಿತು. ಇದೇ ಜಾತಿಯ ತಪ್ಪು 15 ನಿಮಿಷವನ್ನು .15 ಎಂದು ಬರೆದಾಗ 6 ನಿಮಿಷ ನುಂಗುತ್ತದೆ, 45 ನಿಮಿಷವನ್ನು .45 ಎಂದಾಗ 18 ನಿಮಿಷ ನುಂಗುತ್ತದೆ. ಹಾಗಾಗಿ ಕೊರತೆ 6, 12 ಅಥವಾ 18 ನಿಮಿಷವಿದ್ದರೆ ಮುಂದೆ ಹುಡುಕಲು ಹೋಗದೆ ನೇರವಾಗಿ ಶಿಫ್ಟ್ ಉದ್ದದ ಕಾಲಂ ತೆರೆಯಿರಿ. ಅಲ್ಲಿ ಬಿಂದುವಿನ ನಂತರ 30, 15, 45 ಕಾಣಿಸಿದರೆ ಸಿಕ್ಕಿಬಿತ್ತು. 7.15 ಎಂಬ ಉದ್ದದ ಶಿಫ್ಟ್ ನಿಜವಾಗಿ ಇರುವುದು ಬಲು ಅಪರೂಪ.

30 ನಿಮಿಷ ಹೆಚ್ಚು ಬರುತ್ತಿದ್ದರೆ ಅದರ ಕಥೆ ಬೇರೆ. ಬೆಳಿಗ್ಗೆ 9ರಿಂದ ಸಂಜೆ 5:30ರ ಶಿಫ್ಟ್ ತೆಗೆದುಕೊಳ್ಳಿ. ನಡುವೆ ಸಂಬಳವಿಲ್ಲದ ಅರ್ಧ ಗಂಟೆ ವಿರಾಮ, ಆದ್ದರಿಂದ ಸಂಬಳದ ಹೊತ್ತು 8 ಗಂಟೆ. ಕೆಲಸದ ದಿನಗಳಲ್ಲಿ ಪಂಚ್ ಮಾಡಿದ ಹೊತ್ತಿನಿಂದ ವಿರಾಮ ತಾನಾಗಿ ಕಳೆದುಹೋಗುತ್ತದೆ. ರಜೆಯ ದಿನ ಯಾರೂ ಪಂಚ್ ಮಾಡುವುದಿಲ್ಲ, ಹಾಗಾಗಿ ಸಿಸ್ಟಮ್ ಶಿಫ್ಟಿನ ಆರಂಭ-ಅಂತ್ಯವನ್ನು ಮಾತ್ರ ನೋಡಿ ಎಂಟೂವರೆ ಗಂಟೆ ಕೊಟ್ಟುಬಿಡುತ್ತದೆ. ನೌಕರರಿಗೆ ಹೆಚ್ಚು ಬರುವುದರಿಂದ ಈ ತಪ್ಪಿನ ಬಗ್ಗೆ ದೂರು ಬರುವುದು ಕಡಿಮೆ. ವರ್ಷಗಟ್ಟಲೆ ಹಾಗೆಯೇ ಉಳಿದು, ಆಡಿಟ್‌ನಲ್ಲಿ ಹೊರಬಿದ್ದು, ಆಮೇಲೆ ಕೊಟ್ಟದ್ದನ್ನು ವಾಪಸ್ ಕೇಳುವ ಪರಿಸ್ಥಿತಿ ಬಂದಾಗ ಎಲ್ಲರಿಗೂ ನೋವು. ರಜೆಯ ಗಂಟೆಯನ್ನು ಶಿಫ್ಟಿನ ಆರಂಭ-ಅಂತ್ಯದಿಂದ ತೆಗೆಯಬೇಡಿ. ವಿರಾಮ ಕಳೆದ ಸಂಬಳದ ಹೊತ್ತಿಗೇ ಬೇರೆ ಕಾಲಂ ಇಟ್ಟು ಅಲ್ಲಿಂದ ತೆಗೆಯಿರಿ.

ಎಕ್ಸೆಲ್ ಬಳಸುವವರು ಇನ್ನೆರಡು ವಿಷಯ ನೋಡಲೇಬೇಕು. ಅಲ್ಲಿ ಹೊತ್ತು ಎಂದರೆ ದಿನದ ಒಂದು ಭಾಗ: 7:30 ಎಂದು ಕಾಣುವ ಸೆಲ್ಲಿನ ಒಳಗೆ ಇರುವುದು 0.3125. ಅದನ್ನು ಗಂಟೆಯ ದರದಿಂದ ಗುಣಿಸುವ ಮೊದಲು 24ರಿಂದ ಗುಣಿಸಬೇಕು. ಮರೆತರೆ ಮೊತ್ತ ಇಪ್ಪತ್ತನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟು ದೊಡ್ಡ ತಪ್ಪನ್ನು ಯಾರಾದರೂ ಗಮನಿಸುತ್ತಾರೆ. ಇನ್ನೊಂದು ಹಾಗಲ್ಲ. ಐದು ರಜೆಗೆ 8 ಗಂಟೆಯಂತೆ ಕೂಡಿಸಿದರೆ 40 ಬರಬೇಕು, ಸೆಲ್ಲಿನಲ್ಲಿ 16:00 ಕಾಣುತ್ತದೆ. ಗಡಿಯಾರದ ಫಾರ್ಮ್ಯಾಟ್ 24 ಗಂಟೆ ದಾಟಿದೊಡನೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಗಂಟೆಯ ಅಕ್ಷರವನ್ನು ಚೌಕ ಆವರಣದೊಳಗೆ ಹಾಕಿದ ಫಾರ್ಮ್ಯಾಟ್ ಕೊಟ್ಟರೆ 40:00 ಬರುತ್ತದೆ. ಇಲ್ಲಿ ಸಂಖ್ಯೆ ಕೆಟ್ಟಿಲ್ಲ, ಕಾಣುವ ರೂಪ ಮಾತ್ರ ಕೆಟ್ಟಿದೆ. ಆದರೆ ಯಾರಾದರೂ ಆ 16ನ್ನು ಕಣ್ಣಿನಿಂದ ಓದಿ ಇನ್ನೊಂದು ಕಡೆ ಕೈಯಿಂದ ಟೈಪ್ ಮಾಡಿದರೆ ಆಗ ತಪ್ಪು ನಿಜವಾಗುತ್ತದೆ. ಕೊರತೆ 24 ಅಥವಾ 48 ಗಂಟೆಯೆಂದು ಕಂಡರೆ ಮೊದಲು ಫಾರ್ಮ್ಯಾಟ್ ನೋಡಿ.

ವ್ಯತ್ಯಾಸ ಒಂದೆರಡು ಗಂಟೆಯಾಗಿದ್ದರೆ

ವಾರಕ್ಕೆ ನಾಲ್ಕು ದಿನ, ದಿನಕ್ಕೆ 10 ಗಂಟೆ ಕೆಲಸ ಮಾಡುವವರಿಗೆ ರಜೆಯ ದಿನ 8 ಗಂಟೆ ಬಂದಿದ್ದರೆ, ಆ ವಾರ ಅವರ ಖಾತೆಗೆ 38 ಗಂಟೆ ಬೀಳುತ್ತದೆ. ರಜೆ ಬಂದದ್ದೇ ತಪ್ಪಾಯಿತು ಎನ್ನುವ ಹಾಗೆ ಸಂಬಳ ಕಡಿಮೆಯಾಗುತ್ತದೆ. ಅದೇ ಶೀಟಿನಲ್ಲಿ ದಿನಕ್ಕೆ 4 ಗಂಟೆ ಕೆಲಸ ಮಾಡುವವರಿಗೆ ರಜೆಯ ದಿನ ಇಮ್ಮಡಿ ಹೊತ್ತು ಬಂದಿರುತ್ತದೆ. ಎರಡೂ ಒಟ್ಟಿಗೆ ಕಂಡರೆ ಎಲ್ಲೋ ಒಂದು ಕಡೆ 8 ಎಂಬ ಅಂಕಿ ಗಟ್ಟಿಯಾಗಿ ಕೂತಿದೆ ಎಂದೇ ಅರ್ಥ. ಫಾರ್ಮುಲಾಗಳಲ್ಲಿ 8 ಎಂದು ಹುಡುಕಿ. ಸೆಟ್ಟಿಂಗ್ಸ್‌ನಲ್ಲಿ ‘ಸ್ಟ್ಯಾಂಡರ್ಡ್ ದಿನ’ ಎಂಬ ಹೆಸರಿನಲ್ಲಿಯೂ ಅದು ಅಡಗಿರಬಹುದು.

ಸರಿಪಡಿಸುವಾಗ ಒಂದು ಅವಸರ ಮಾಡಬೇಡಿ. 8ನ್ನು ತೆಗೆದು ಆ ಜಾಗಕ್ಕೆ “ವಾರದ ಗಂಟೆ ಭಾಗಿಸು 5” ಎಂದು ಹಾಕುವುದು ತುಂಬಾ ಜನ ಮಾಡುವ ತೇಪೆ. ವಾರಕ್ಕೆ 40 ಗಂಟೆ, ನಾಲ್ಕು ದಿನದವರಿಗೆ ಮತ್ತೆ 8 ಬರುತ್ತದೆ. ವಾರಕ್ಕೆ 22.5 ಗಂಟೆ, ಮೂರು ದಿನದವರಿಗೆ 4.5 ಬರುತ್ತದೆ, ಅವರು ಆ ದಿನ ಮಾಡಬೇಕಿದ್ದದ್ದು 7.5. ಹೀಗೆ ಬಂದ 4.5 ಪೂರ್ತಿ ತಪ್ಪೂ ಅಲ್ಲ, ಅದಕ್ಕೊಂದು ಹಿನ್ನೆಲೆಯಿದೆ.

ರಜೆಯ ಗಂಟೆ ಕೊಡಲು ಜಗತ್ತಿನಲ್ಲಿ ಎರಡು ದಾರಿಗಳು ರೂಢಿಯಲ್ಲಿವೆ. ಒಂದು, ಆ ದಿನದ ಲೆಕ್ಕ: ರಜೆ ನಿಮ್ಮ ಕೆಲಸದ ದಿನಕ್ಕೆ ಬಿದ್ದರೆ ಆ ದಿನದ ಪೂರ್ತಿ ಹೊತ್ತು, ಬೀಳದಿದ್ದರೆ ಏನೂ ಇಲ್ಲ. ಇನ್ನೊಂದು, ಪಾಲಿನ ಲೆಕ್ಕ: ವರ್ಷದ ರಜೆಗಳನ್ನೆಲ್ಲ ಗಂಟೆಗೆ ಪರಿವರ್ತಿಸಿ, ಪೂರ್ಣಾವಧಿಯವರ ಹೋಲಿಕೆಯಲ್ಲಿ ನೀವು ಎಷ್ಟು ಕೆಲಸ ಮಾಡುತ್ತೀರೋ ಅಷ್ಟು ಪಾಲು ನಿಮ್ಮ ಖಾತೆಗೆ. ಎರಡನೆಯದು ಯಾಕೆ ಹುಟ್ಟಿತು ಎನ್ನಲು ಇಂಗ್ಲೆಂಡಿನ ಕ್ಯಾಲೆಂಡರ್ ನೋಡಿದರೆ ಸಾಕು. ಅಲ್ಲಿ ಸಾಮಾನ್ಯ ವರ್ಷವೊಂದರಲ್ಲಿ ಎಂಟು ಬ್ಯಾಂಕ್ ರಜೆ (ಸಾರ್ವಜನಿಕ ರಜೆಗೆ ಅಲ್ಲಿನ ಹೆಸರು), ಅದರಲ್ಲಿ ಈಸ್ಟರ್ ಸೋಮವಾರವೂ ಸೇರಿ ನಾಲ್ಕು ಯಾವಾಗಲೂ ಸೋಮವಾರಕ್ಕೇ ಬರುತ್ತವೆ. ಸೋಮ, ಮಂಗಳ, ಬುಧ ಕೆಲಸ ಮಾಡುವವರಿಗೆ ಆ ನಾಲ್ಕರಿಂದಲೇ 30 ಗಂಟೆ. ಮಂಗಳ, ಬುಧ, ಗುರು ಕೆಲಸ ಮಾಡುವವರಿಗೆ ಆ ನಾಲ್ಕರಿಂದ ಸೊನ್ನೆ. ಇಬ್ಬರೂ ವಾರಕ್ಕೆ ದುಡಿಯುವುದು 22.5 ಗಂಟೆಯೇ. ಪಾಲಿನ ಲೆಕ್ಕದಲ್ಲಿ ಇಬ್ಬರಿಗೂ ಒಂದೇ: 8 ರಜೆ, 7.5 ಗಂಟೆ, ಐದರಲ್ಲಿ ಮೂರು ದಿನ ಎಂದು 0.6 ಪಾಲು, ಗುಣಿಸಿದರೆ ಒಟ್ಟು 36 ಗಂಟೆ.

ಯಾವ ದಾರಿ ಸರಿ ಎಂದು ಶೀಟ್ ತೀರ್ಮಾನಿಸುವಂತಿಲ್ಲ. ಅದು ನಿಮ್ಮ ಕಾನೂನು, ನಿಮ್ಮ ಒಪ್ಪಂದದ ಮಾತು. ಆದರೆ ಎರಡನ್ನೂ ಬೆರೆಸಿದ ಶೀಟ್ ಎಲ್ಲಿದ್ದರೂ ತಪ್ಪೇ. ಪಾಲಿನ ಪ್ರಕಾರ ವರ್ಷದ ಆರಂಭದಲ್ಲಿ 36 ಗಂಟೆ ಖಾತೆಗೆ ಹಾಕಿ, ರಜೆ ಬಂದ ದಿನ ಆ ಖಾತೆಯಿಂದ ಕಳೆಯದೆ ಮತ್ತೆ 7.5 ಕೊಟ್ಟರೆ ಒಂದೇ ರಜೆಗೆ ಎರಡು ಸಲ ಕೊಟ್ಟ ಹಾಗಾಯಿತು. ಕಳೆಯುವಾಗ 7.5ರ ಬದಲು 4.5 ಕಳೆದರೆ ಖಾತೆಯಲ್ಲಿ ಪ್ರತಿ ರಜೆಗೂ 3 ಗಂಟೆ ಸುಮ್ಮನೆ ಉಳಿಯುತ್ತದೆ. ಮೂರು ದಿನದ ಪಾರ್ಟ್‌ಟೈಮ್ ನೌಕರರಲ್ಲಿ 3 ಗಂಟೆಯ ವ್ಯತ್ಯಾಸ ಪದೇ ಪದೇ ಕಂಡರೆ ಇಲ್ಲಿ ನೋಡಿ.

ಇಡೀ ಶಿಫ್ಟೇ ಮಾಯವಾಗಿದ್ದರೆ: ದಿನಾಂಕ

ಒಬ್ಬರಿಗಲ್ಲ, ಎಲ್ಲರಿಗೂ ಒಂದು ರಜೆ ಪೂರ್ತಿ ಬಿಟ್ಟುಹೋಗಿದ್ದರೆ ದೋಷ ನೌಕರರ ಪಟ್ಟಿಯಲ್ಲಿಲ್ಲ, ರಜೆಯ ಪಟ್ಟಿಯಲ್ಲಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಕಣ್ಣಿಗೆ ಕಾಣುವ ದಿನಾಂಕವೂ ಕಂಪ್ಯೂಟರ್ ಹಿಡಿದಿರುವ ದಿನಾಂಕವೂ ಒಂದೇ ಆಗಿರಬೇಕೆಂದಿಲ್ಲ.

2024ರ ಮೇ 1 ಎಕ್ಸೆಲ್‌ಗೆ 45413 ಎಂಬ ಒಂದು ಅಂಕಿ. ರಜೆಯ ಪಟ್ಟಿಯಲ್ಲಿ ಅದು 01/05/2024 ಎಂಬ ಅಕ್ಷರಗಳ ಸಾಲಾಗಿ ಕುಳಿತಿದ್ದರೆ, ಪಟ್ಟಿಯಲ್ಲಿ ಹುಡುಕುವ ಫಾರ್ಮುಲಾಗಳಾದ ‘ಮ್ಯಾಚ್’ ಆಗಲಿ ‘ವಿಲುಕಪ್’ ಆಗಲಿ ಎರಡನ್ನೂ ಒಂದೆಂದು ಒಪ್ಪುವುದಿಲ್ಲ. ಪಕ್ಕದ ಕಾಲಂನಲ್ಲಿ, ಸೆಲ್ಲಿನಲ್ಲಿರುವುದು ಅಂಕಿಯೇ ಎಂದು ಹೇಳುವ ‘ಇಸ್‌ನಂಬರ್’ ಹಾಕಿ ಕೆಳಗಿನವರೆಗೂ ಎಳೆಯಿರಿ. ಸುಳ್ಳು ಎಂದು ಬಂದ ಸಾಲುಗಳೆಲ್ಲ ಅಕ್ಷರಗಳೇ ಹೊರತು ದಿನಾಂಕವಲ್ಲ.

ಇದಕ್ಕಿಂತ ಅಪಾಯದ್ದು ದಿನ ಮತ್ತು ತಿಂಗಳು ಅದಲುಬದಲಾಗುವುದು. ದಿನ ಮೊದಲು ಬರೆದ ಫೈಲನ್ನು ತಿಂಗಳು ಮೊದಲು ಓದುವ ಕಂಪ್ಯೂಟರ್‌ನಲ್ಲಿ ತೆರೆದರೆ 25/12/2024 ಎಂಬುದು ಅಕ್ಷರವಾಗಿ ಉಳಿಯುತ್ತದೆ, ಏಕೆಂದರೆ 25ನೇ ತಿಂಗಳು ಇಲ್ಲ. ಆದರೆ 01/05/2024 ಎಂಬುದು ಸದ್ದಿಲ್ಲದೆ ಜನವರಿ 5 ಆಗಿಬಿಡುತ್ತದೆ. ಆಮೇಲೆ ‘ಇಸ್‌ನಂಬರ್’ ಕೂಡ ನಿಜ ಎಂದೇ ಹೇಳುತ್ತದೆ. ಇದರ ಗುರುತು ಜೋಡಿಯಾಗಿ ಬರುತ್ತದೆ: ಮೇ 1ರ ರಜೆ ಯಾರಿಗೂ ಇಲ್ಲ, ಜನವರಿ 5ಕ್ಕೆ ಯಾರೂ ಕೇಳದ ರಜೆಯೊಂದಿದೆ. ಹೀಗಾಗಿ ಒಂದು ರಜೆ ಕಾಣೆಯಾದಾಗ ಅದೇ ವರ್ಷದಲ್ಲಿ ಎಲ್ಲಿಯಾದರೂ ಒಂದು ಅನಾಥ ರಜೆ ಹುಟ್ಟಿಕೊಂಡಿದೆಯೇ ನೋಡಿ. ಫೈಲ್ ಕೊಡುವವರನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಕೊಡುವಂತೆ ಕೇಳಿಕೊಳ್ಳಿ. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಹೇಳುವ ಕ್ರಮ ಅದೇ, ಅದರಲ್ಲಿ ಈ ಗೊಂದಲಕ್ಕೆ ಜಾಗವಿಲ್ಲ.

ಹಾಜರಾತಿ ಯಂತ್ರದಿಂದ ಬಂದ ದಿನಾಂಕಕ್ಕೆ ಹೊತ್ತೂ ಅಂಟಿಕೊಂಡಿರುತ್ತದೆ. ಮೇ 1ರ ಬೆಳಿಗ್ಗೆ 9ಕ್ಕೆ ಪಂಚ್ ಮಾಡಿದರೆ ಒಳಗಿರುವುದು 45413.375. ಫಾರ್ಮ್ಯಾಟ್ ದಿನಾಂಕವನ್ನಷ್ಟೇ ತೋರಿಸುತ್ತಿದ್ದರೆ ಕಣ್ಣಿಗೆ ಎರಡೂ ಒಂದೇ, ಹೋಲಿಕೆಗೆ ಒಂದೇ ಅಲ್ಲ. ‘ಇಂಟ್’ ಹಾಕಿ ದಶಾಂಶ ಕತ್ತರಿಸಿ. ರಜೆಯ ದಿನ ನಿಜವಾಗಿ ಬಂದು ದುಡಿದವರಿಗೆ ಮಾತ್ರ ರಜೆಯ ವಿಶೇಷ ದರ ಸಿಗದೆ, ಮನೆಯಲ್ಲಿದ್ದವರಿಗೆಲ್ಲ ಸರಿಯಾಗಿ ಬಂದಿದ್ದರೆ ಕಾರಣ ಇದೇ ಇರಬಹುದು. ಮನೆಯಲ್ಲಿದ್ದವರಿಗೆ ಪಂಚ್ ಇಲ್ಲ, ಅವರ ದಿನಾಂಕ ಶುದ್ಧವಾಗಿರುತ್ತದೆ. ರಜೆಯ ದಿನವೂ ಬಂದು ದುಡಿದವರಿಗೇ ಕೊಡಬೇಕಾದದ್ದು ತಪ್ಪಿಹೋಗುವುದು ನನಗೆ ಎಂದೂ ಸಹಿಸಲಾಗದ ವಿಷಯ, ಆದ್ದರಿಂದ ಈ ತಪಾಸಣೆಯನ್ನು ದೂರು ಬರುವ ತನಕ ಕಾಯದೆ ಮಾಡಿ.

ವೆಬ್ ಆಧಾರಿತ ಸಿಸ್ಟಮ್ ಆದರೆ ಸಮಯವಲಯ ನೋಡಿ. ಬರೀ ದಿನಾಂಕವಿರುವ ಐಎಸ್‌ಒ ಸಾಲನ್ನು ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ಯುಟಿಸಿ (ಎಲ್ಲ ಸಮಯವಲಯಗಳನ್ನು ಅಳೆಯುವ ಮೂಲ ಸಮಯ) ನಡುರಾತ್ರಿ ಎಂದು ಓದುತ್ತದೆ. ಯುಟಿಸಿಗಿಂತ ಹಿಂದಿರುವ ವಲಯದಲ್ಲಿ ಕೂತವರ ಪರದೆಯಲ್ಲಿ ಅದು ಹಿಂದಿನ ದಿನದ ಸಂಜೆಯಾಗಿ ರಜೆ ಒಂದು ದಿನ ಮುಂಚೆಯೇ ಬಂದುಬಿಡುತ್ತದೆ. ಒಂದು ಊರಿನ ಶಾಖೆಗೆ ಸರಿ, ಇನ್ನೊಂದು ಊರಿನ ಶಾಖೆಗೆ ಒಂದು ದಿನ ಆಚೀಚೆ ಎಂದರೆ ಇದೇ. ರಜೆಯನ್ನು ದಿನಾಂಕವಾಗಿ ಮಾತ್ರ ಇಡಬೇಕು, ಕ್ಷಣವಾಗಿ ಇಡಬಾರದು.

ಮ್ಯಾಕ್‌ನ ಹಳೆಯ ಎಕ್ಸೆಲ್ ಫೈಲುಗಳಲ್ಲಿ ಎಣಿಕೆ 1900ರಿಂದಲ್ಲ, 1904ರಿಂದ ಶುರುವಾಗುತ್ತದೆ. ಅಂಥ ಫೈಲಿನಿಂದ ಕಾಪಿ ಮಾಡಿದ ದಿನಾಂಕ 1462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ ಸರಿದಿರುತ್ತದೆ. ಅಪರೂಪ, ಆದರೆ ಕಂಡರೆ ಗುರುತು ಹಿಡಿಯುವುದು ಸುಲಭ.

ಒಬ್ಬರಿಗೆ ಮಾತ್ರ ಶಿಫ್ಟ್ ಮಾಯವಾಗಿದ್ದರೆ: ರೋಸ್ಟರ್

ರಜೆ ಎಲ್ಲರಿಗೂ ಸರಿಯಾಗಿ ಬಂದು ಕೆಲವರಿಗಷ್ಟೇ ತಪ್ಪಿದ್ದರೆ, ಆ ದಿನ ಅವರಿಗೆ ಕೆಲಸವಿತ್ತೇ ಆಫ್ ಇತ್ತೇ ಎಂಬುದನ್ನು ಸಿಸ್ಟಮ್ ತಪ್ಪಾಗಿ ಓದಿದೆ. ವಾರದ ದಿನದ ಸಂಖ್ಯೆಯಿಂದಲೇ ಶುರು ಮಾಡಿ. ಎಕ್ಸೆಲ್‌ನ ‘ವೀಕ್‌ಡೇ’ ಫಾರ್ಮುಲಾಗೆ ನಾವು ಬೇರೇನೂ ಹೇಳದಿದ್ದರೆ ಅದು ಭಾನುವಾರಕ್ಕೆ 1 ಕೊಡುತ್ತದೆ. ಎರಡನೇ ಆಯ್ಕೆಯಾಗಿ 2 ಕೊಟ್ಟರೆ ಸೋಮವಾರ 1 ಆಗುತ್ತದೆ. ಎಕ್ಸೆಲ್ 2010ರಲ್ಲಿ ಬಂದ, ಕೆಲಸದ ದಿನಗಳನ್ನು ಎಣಿಸುವ ‘ನೆಟ್‌ವರ್ಕ್‌ಡೇಸ್ ಇಂಟ್ಲ್’ಗೆ ಕೊಡುವ ಏಳು ಅಂಕಿಯ ಸಾಲು ಸೋಮವಾರದಿಂದ ಶುರುವಾಗುತ್ತದೆ, ಅಲ್ಲಿ 1 ಎಂದರೆ ಕೆಲಸವಿಲ್ಲದ ದಿನ. ಕೆಲಸವಿದ್ದ ದಿನಕ್ಕೆ 1 ಎಂದು ತಿಳಿದು ಬರೆದರೆ ಎಲ್ಲವೂ ತಲೆಕೆಳಗು. ನೌಕರರ ಆಫ್ ದಿನಗಳೆಲ್ಲ ಒಂದೊಂದು ದಿನ ಸರಿದ ಹಾಗೆ ಕಂಡರೆ ಎರಡು ಕಡೆ ಎರಡು ಎಣಿಕೆ ಬಳಕೆಯಾಗಿದೆ.

ತಿರುಗುವ ರೋಸ್ಟರ್‌ಗೆ ವಾರದ ದಿನ ಕೆಲಸಕ್ಕೇ ಬಾರದು. ನಾಲ್ಕು ದಿನ ಕೆಲಸ, ನಾಲ್ಕು ದಿನ ಬಿಡುವು ಎಂಬ ಚಕ್ರ 8 ದಿನದ್ದು, ಅದು ವಾರಕ್ಕೆ ಕೂರುವುದಿಲ್ಲ. ಇಂಥವರಿಗೆ ಚಕ್ರದ ಮೊದಲ ದಿನ ಯಾವುದೆಂದು ಬರೆದಿಟ್ಟುಕೊಳ್ಳಬೇಕು. ಒಂದು ತಂಡದ ಚಕ್ರ 2024ರ ಜನವರಿ 1ರಂದು ಶುರುವಾಯಿತು ಎನ್ನಿ. ಮೇ 1ಕ್ಕೆ 121 ದಿನ ಕಳೆದಿರುತ್ತದೆ. 121ನ್ನು 8ರಿಂದ ಭಾಗಿಸಿದರೆ ಶೇಷ 1. ಶೇಷ 0, 1, 2, 3 ಆದರೆ ಕೆಲಸ, 4ರಿಂದ 7 ಆದರೆ ಬಿಡುವು. ಹಾಗಾಗಿ ಮೇ 1 ಈ ತಂಡದ ಎರಡನೇ ಕೆಲಸದ ದಿನ, ರಜೆಯ ಗಂಟೆ ಸಲ್ಲಬೇಕು. ಜನವರಿ 5ರಂದು ಚಕ್ರ ಶುರು ಮಾಡಿದ ಇನ್ನೊಂದು ತಂಡಕ್ಕೆ 117 ದಿನ, ಶೇಷ 5, ಅವರಿಗೆ ಅಂದು ಬಿಡುವು. ಡಿಸೆಂಬರ್ 25ಕ್ಕೆ ಬಂದರೆ ಮೊದಲ ತಂಡಕ್ಕೆ 359 ದಿನ, ಶೇಷ 7, ಆಗ ಅವರಿಗೆ ಬಿಡುವು.

ಇದರಲ್ಲೊಂದು ಹಳ್ಳ ಇದೆ. ರಜೆಯ ದಿನ ಚಕ್ರದ ಆರಂಭಕ್ಕಿಂತ ಹಿಂದಿನದಾದರೆ ವ್ಯತ್ಯಾಸ ಋಣ ಸಂಖ್ಯೆಯಾಗುತ್ತದೆ. ಎಕ್ಸೆಲ್‌ನಲ್ಲಿ ಶೇಷ ತೆಗೆಯುವ ‘ಮಾಡ್’ ಮತ್ತು ಪೈಥಾನ್ ಭಾಷೆ ಆಗಲೂ ಧನ ಶೇಷವನ್ನೇ ಕೊಡುತ್ತವೆ. ಜಾವಾ, ಜಾವಾಸ್ಕ್ರಿಪ್ಟ್, ಸಿ ಭಾಷೆಗಳ ಶೇಷ ಋಣವಾಗಿರುತ್ತದೆ. ಋಣ ಸಂಖ್ಯೆ 4ಕ್ಕಿಂತ ಚಿಕ್ಕದೇ ತಾನೇ? ಆದ್ದರಿಂದ ಹಳೆಯ ರಜೆಗಳಲ್ಲಿ ಎಲ್ಲ ತಂಡಗಳಿಗೂ ಕೆಲಸವಿತ್ತು ಎಂದು ಸಿಸ್ಟಮ್ ಹೇಳುತ್ತದೆ. ಶೀಟಿನಲ್ಲಿ ಸರಿಯಿದ್ದ ಲೆಕ್ಕ ಹೊಸ ಸಾಫ್ಟ್‌ವೇರ್‌ಗೆ ಬಂದ ಮೇಲೆ ಕೆಟ್ಟಿತು ಎಂದಾದರೆ ಈ ಶೇಷದ ಸಾಲನ್ನೇ ಮೊದಲು ಓದಿ.

ರೋಸ್ಟರ್ ಸರಿಯಿದ್ದೂ ಉತ್ತರ ತಪ್ಪಿದ್ದರೆ ಒಪ್ಪಂದದ ದಿನಾಂಕ ನೋಡಿ. ಜುಲೈನಲ್ಲಿ ಐದು ದಿನದಿಂದ ಮೂರು ದಿನಕ್ಕೆ ಬದಲಾದವರ ಮೇ ತಿಂಗಳ ರಜೆಯನ್ನು ಈಗ ಮತ್ತೆ ಲೆಕ್ಕ ಹಾಕಿದರೆ, ಸಿಸ್ಟಮ್ ಇವತ್ತಿನ ರೋಸ್ಟರ್ ಹಿಡಿದುಕೊಂಡು ಲೆಕ್ಕ ಹಾಕುತ್ತದೆ. ರಜೆಯ ದಿನ ಚಾಲ್ತಿಯಲ್ಲಿದ್ದ ರೋಸ್ಟರ್ ಬೇಕು.

ನಡುರಾತ್ರಿ ದಾಟುವ ಶಿಫ್ಟ್

ರಾತ್ರಿ 10ರಿಂದ ಬೆಳಿಗ್ಗೆ 6. ಅಂತ್ಯದಿಂದ ಆರಂಭ ಕಳೆದರೆ ಋಣ 16 ಗಂಟೆ ಬರುತ್ತದೆ, ಎಕ್ಸೆಲ್‌ನಲ್ಲಿ ಸೆಲ್ ತುಂಬ ಹ್ಯಾಷ್ ಗುರುತು. ‘ಮಾಡ್’ ಒಳಗೆ ಆ ವ್ಯತ್ಯಾಸವನ್ನು ಹಾಕಿ 1 ಎಂದು ಕೊಟ್ಟರೆ 8 ಗಂಟೆ ಸರಿಯಾಗಿ ಬರುತ್ತದೆ. ಇದು ಸುಲಭದ ಭಾಗ.

ಕಷ್ಟದ್ದು ಈ 8 ಗಂಟೆ ಯಾವ ದಿನಕ್ಕೆ ಸೇರಬೇಕು ಎಂಬುದು. ಕೆಲವು ಕಡೆ ಶಿಫ್ಟ್ ಶುರುವಾದ ದಿನಕ್ಕೇ ಪೂರ್ತಿ ಸೇರಿಸುತ್ತಾರೆ. ಕೆಲವು ಕಡೆ ನಡುರಾತ್ರಿಗೆ ಕತ್ತರಿಸುತ್ತಾರೆ. ರಜೆಯ ಹಿಂದಿನ ರಾತ್ರಿಯ ಶಿಫ್ಟ್ ಕತ್ತರಿಸಿದರೆ 2 ಗಂಟೆ ಮಾಮೂಲಿ, 6 ಗಂಟೆ ರಜೆಯದು. ರಜೆಯ ರಾತ್ರಿಯ ಶಿಫ್ಟ್ ಕತ್ತರಿಸಿದರೆ 2 ಗಂಟೆ ರಜೆಯದು, 6 ಮಾಮೂಲಿ. ಎರಡೂ ರಾತ್ರಿ ರೋಸ್ಟರ್ ಇರುವವರಿಗೆ 6 ಮತ್ತು 2 ಸೇರಿ 8, ಶುರುವಾದ ದಿನದ ಲೆಕ್ಕದಲ್ಲೂ 8. ಆದ್ದರಿಂದ ಹೆಚ್ಚಿನವರ ಪೇಸ್ಲಿಪ್‌ನಲ್ಲಿ ಯಾವ ವ್ಯತ್ಯಾಸವೂ ಕಾಣದೆ ದೋಷ ಅಡಗಿರುತ್ತದೆ. ಒಂದೇ ರಾತ್ರಿ ರೋಸ್ಟರ್ ಇದ್ದವರನ್ನು ಹುಡುಕಿ ತೆಗೆಯಿರಿ. ಹಿಂದಿನ ರಾತ್ರಿ ಮಾತ್ರ ಕೆಲಸವಿದ್ದವರಿಗೆ ಕತ್ತರಿಸುವ ಲೆಕ್ಕದಲ್ಲಿ 6, ಶುರುವಾದ ದಿನದ ಲೆಕ್ಕದಲ್ಲಿ 0. ನಿಮ್ಮ ನಿಯಮ ಯಾವುದೆಂದು ಈ ಒಬ್ಬರೇ ಹೇಳಿಕೊಡುತ್ತಾರೆ.

ನಿಜವಾದ ದೋಷ ಬಹಳ ಸಲ ಹೀಗಿರುತ್ತದೆ: ರಜೆ ತೆಗೆದುಕೊಂಡವರಿಗೆ ಶುರುವಾದ ದಿನದ ನಿಯಮ, ಬಂದು ದುಡಿದವರಿಗೆ ಕತ್ತರಿಸುವ ನಿಯಮ. ಎರಡು ಭಾಗವನ್ನು ಇಬ್ಬರು ಬೇರೆ ಬೇರೆ ಕಾಲದಲ್ಲಿ ಬರೆದಿರುತ್ತಾರೆ. ಒಂದನ್ನೇ ಆರಿಸಿ, ಎರಡೂ ಕಡೆ ಹಾಕಿ.

ಗಂಟೆ ಗೊತ್ತಿಲ್ಲದವರ ಸರಾಸರಿ

ವಾರಕ್ಕೊಂದು ಥರ ಕೆಲಸವಿರುವವರಿಗೆ “ಆ ದಿನ ಎಷ್ಟು ದುಡಿಯುತ್ತಿದ್ದರು” ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ಅಲ್ಲಿ ಹಿಂದಿನ ವಾರಗಳ ಸರಾಸರಿ ಬೇಕು. ಇಲ್ಲಿ ದೋಷ ಎರಡು ಕಡೆ ಕೂರುತ್ತದೆ, ಭಾಜಕದಲ್ಲಿ ಮತ್ತು ಅವಧಿಯಲ್ಲಿ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸೂತ್ರ ಎರಡನ್ನೂ ಚೆನ್ನಾಗಿ ತೋರಿಸುತ್ತದೆ. ರಜೆ ಇರುವ ವಾರಕ್ಕಿಂತ ಹಿಂದಿನ ನಾಲ್ಕು ಕೆಲಸದ ವಾರಗಳ ಮಾಮೂಲಿ ಸಂಬಳ, ಅದರೊಟ್ಟಿಗೆ ಆ ಅವಧಿಗೆ ಸಲ್ಲಬೇಕಾದ ವೆಕೇಷನ್ ಪೇ, ಎರಡನ್ನೂ ಕೂಡಿಸಿ 20ರಿಂದ ಭಾಗಿಸಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ 8 ಗಂಟೆಯಂತೆ ದುಡಿದವರು ನಾಲ್ಕು ವಾರದಲ್ಲಿ 96 ಗಂಟೆಯ ಸಂಬಳ ಪಡೆದಿರುತ್ತಾರೆ. 20ರಿಂದ ಭಾಗಿಸಿದರೆ 4.8 ಗಂಟೆಯಷ್ಟು. ಯಾರಾದರೂ 20ರ ಜಾಗದಲ್ಲಿ ದುಡಿದ ದಿನಗಳಾದ 12ನ್ನು ಹಾಕಿದರೆ 8 ಆಗುತ್ತದೆ. ಎರಡೂ ನೋಡಲು ನ್ಯಾಯವಾಗಿಯೇ ಕಾಣುತ್ತವೆ. ಸೂತ್ರ ಯಾವುದನ್ನು ಹೇಳಿದೆಯೋ ಅದೇ ಸರಿ.

ಅವಧಿಯಲ್ಲಿ ಸಾಮಾನ್ಯ ತಪ್ಪು ಎಂದರೆ ರಜೆಯ ದಿನದಿಂದ ಹಿಂದಕ್ಕೆ 28 ದಿನ ಎಣಿಸುವುದು. ರಜೆ ಗುರುವಾರ ಬಂದರೆ ಆ ವಾರದ ಸೋಮ, ಮಂಗಳ, ಬುಧ ಒಳಗೆ ಬರುತ್ತವೆ, ನಾಲ್ಕು ವಾರ ಹಿಂದಿನ ಮೂರು ದಿನ ಹೊರಗೆ ಬೀಳುತ್ತವೆ. ನಿಯಮ ಪೂರ್ತಿ ವಾರಗಳನ್ನು ಹೇಳಿದ್ದರೆ ರಜೆ ಇರುವ ವಾರದ ಮೊದಲ ದಿನ ಕಂಡುಹಿಡಿದು ಅಲ್ಲಿಂದ ಹಿಂದಕ್ಕೆ ಹೋಗಬೇಕು. ಇದರ ಗುರುತು: ಸೋಮವಾರ ಬಂದ ರಜೆಗಳಲ್ಲಿ ಸರಾಸರಿ ಸರಿ, ವಾರದ ನಡುವೆ ಬಂದವುಗಳಲ್ಲಿ ತಪ್ಪು.

ಎರಡು ಸಲ ಬಂದಿದ್ದರೆ

ರಜೆ ಭಾನುವಾರ ಬಿದ್ದು ಸೋಮವಾರಕ್ಕೆ ಬದಲಿ ರಜೆ ಕೊಟ್ಟಿದ್ದರೆ, ಪಟ್ಟಿಯಲ್ಲಿ ಎರಡೂ ದಿನಾಂಕ ಇವೆಯೇ ನೋಡಿ. ಭಾನುವಾರವೂ ರೋಸ್ಟರ್ ಇರುವವರಿಗೆ ಎರಡು ಸಲ ಸಲ್ಲುತ್ತದೆ. ಪಟ್ಟಿಯ ಪ್ರತಿ ಸಾಲಿಗೂ ರಜೆಯ ಹೆಸರು ಇರಲಿ, ಒಂದು ಹೆಸರಿಗೆ ಒಬ್ಬ ನೌಕರರಿಗೆ ಒಂದೇ ಸಲ ಎಂಬ ತಡೆ ಇರಲಿ.

ವಾರ್ಷಿಕ ರಜೆಯ ನಡುವೆ ಸಾರ್ವಜನಿಕ ರಜೆ ಬಂದಾಗಲೂ ಎರಡೂ ಖಾತೆ ಒಟ್ಟಿಗೆ ಓಡುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ 132ನೇ ಒಡಂಬಡಿಕೆ ಇದನ್ನು ಸ್ಪಷ್ಟವಾಗಿ ಹೇಳಿದೆ: ಸಾರ್ವಜನಿಕ ರಜೆಗಳನ್ನು ಕನಿಷ್ಠ ವಾರ್ಷಿಕ ರಜೆಯ ಭಾಗವಾಗಿ ಎಣಿಸಬಾರದು. ಹಾಗಾಗಿ ಆ ದಿನಕ್ಕೆ ರಜೆಯ ಗಂಟೆ ಸಲ್ಲಬೇಕು, ವಾರ್ಷಿಕ ಖಾತೆಯಿಂದ ಆ ದಿನ ಕಳೆಯಬಾರದು. ಸಂಬಳದ ಮೊತ್ತ ಸರಿಯಾಗಿಯೇ ಕಾಣುವುದರಿಂದ ಪೇಸ್ಲಿಪ್‌ನಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ. ವರ್ಷದ ಕೊನೆಯಲ್ಲಿ ಒಬ್ಬರ ಖಾತೆಯಲ್ಲಿ ಒಂದು ದಿನ ಕಡಿಮೆ, ಅಷ್ಟೇ. ಖಾತೆಯ ಬಾಕಿಯನ್ನೂ ತಾಳೆ ನೋಡಿ.

ಓಟಿ, ಅಂದರೆ ಓವರ್‌ಟೈಮ್ ಕೂಡ ಇಲ್ಲಿಗೇ ಸೇರುತ್ತದೆ. ದುಡಿಯದ ರಜೆಯ 8 ಗಂಟೆ ಮತ್ತು ಉಳಿದ ನಾಲ್ಕು ದಿನ 9ರಂತೆ ದುಡಿದ 36 ಗಂಟೆ ಸೇರಿ 44. ಸಂಬಳದ ಗಂಟೆ 44 ನಿಜ, ದುಡಿದದ್ದು 36. ಅಮೆರಿಕದ 1938ರ ಫೆಡರಲ್ ಕಾರ್ಮಿಕ ಕಾನೂನಿನಂತೆ ವಾರಕ್ಕೆ 40 ದಾಟಿದ ದುಡಿಮೆಗೆ ಓಟಿ, ದುಡಿಯದ ರಜೆಯ ಗಂಟೆ ಆ 40ಕ್ಕೆ ಸೇರುವುದಿಲ್ಲ. ಬೇರೆ ಕಡೆ ಒಪ್ಪಂದವೇ ಸೇರಿಸಿ ಎಂದು ಹೇಳಿರಬಹುದು. ಏನೇ ಇರಲಿ, ದುಡಿದ ಗಂಟೆ ಮತ್ತು ಸಂಬಳದ ಗಂಟೆ ಎಂದು ಎರಡು ಕಾಲಂ ಇಲ್ಲದ ಶೀಟಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಸಾಧ್ಯವಿಲ್ಲ.

ಸರಿಪಡಿಸಿದ ಮೇಲೆ

ಹಳೆಯ ತಿಂಗಳ ಸಾಲುಗಳ ಮೇಲೆ ಹೊಸ ಅಂಕಿ ಬರೆಯಬೇಡಿ. ಕೊಟ್ಟದ್ದು ಎಷ್ಟು ಎಂಬ ದಾಖಲೆ ಹಾಗೆಯೇ ಉಳಿಯಲಿ, ವ್ಯತ್ಯಾಸವನ್ನು ಈ ತಿಂಗಳಲ್ಲಿ ಬೇರೆ ಸಾಲಾಗಿ, ಯಾವ ರಜೆಯದು ಎಂದು ಬರೆದು ಸೇರಿಸಿ. ದೂರು ಕೊಟ್ಟವರಿಗಷ್ಟೇ ಅಲ್ಲ, ಅದೇ ದೋಷ ತಾಗಿದ ಎಲ್ಲರಿಗೂ. ನೋಟ್‌ಬುಕ್ ಹಿಡಿದು ಬಂದ ಆ ನೌಕರರ ಹಾಗೆಯೇ 7.30ರ ಸಾಲಿನಲ್ಲಿ ಇನ್ನೂ ಹಲವರಿದ್ದರು. ಅವರಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಎರಡೆರಡು ಗಂಟೆಯ ಬಾಕಿ ಒಂದೇ ತಿಂಗಳಲ್ಲಿ ಸಂದಾಯವಾಯಿತು.

ಆಮೇಲಿಂದ ಪ್ರತಿ ವರ್ಷ ಹೊಸ ರಜೆಯ ಪಟ್ಟಿ ಹಾಕಿದ ದಿನ ನಾನು ಐದು ಕಲ್ಪಿತ ನೌಕರರನ್ನು ಸಿಸ್ಟಮ್‌ನಲ್ಲಿ ಓಡಿಸುತ್ತೇನೆ. ಏಳೂವರೆ ಗಂಟೆಯ ಪೂರ್ಣಾವಧಿಯವರು, ದಿನಕ್ಕೆ 10 ಗಂಟೆಯಂತೆ ನಾಲ್ಕು ದಿನದವರು, ಮಂಗಳ-ಬುಧ-ಗುರು ಮೂರು ದಿನದವರು, 8 ದಿನದ ಚಕ್ರದವರು, ರಜೆಯ ಹಿಂದಿನ ರಾತ್ರಿ ಮಾತ್ರ ಶಿಫ್ಟ್ ಇರುವವರು. ಐವರ ಉತ್ತರವನ್ನೂ ಮೊದಲೇ ಪೆನ್ನಿನಲ್ಲಿ ಬರೆದಿಟ್ಟಿರುತ್ತೇನೆ. ಒಂದು ಅಂಕಿ ತಾಳೆಯಾಗದಿದ್ದರೂ ಆ ಪಟ್ಟಿ ಪೇರೋಲ್‌ಗೆ ಹೋಗುವುದಿಲ್ಲ.